ಬೆಳಕಿಗೆ ಹಿಡಿದ ಬಾಟಲಿ

ಬಾಟಲಿ ಮೇಸ್ತ್ರಿ ಎಂಬ ಹೆಸರು ಕೇಳಿದ ಹೊಸಬರು ಮೂಗು ಮುರಿಯುತ್ತಿದ್ದರು. ಪಾಪ, ಗಾಡಿ ರಿಪೇರಿಯ ಆ ಮೇಸ್ತ್ರಿ ಜೀವಮಾನದಲ್ಲಿ ಚಹಾಕ್ಕಿಂತ ಗಟ್ಟಿಯಾದುದನ್ನು ಕುಡಿದವರಲ್ಲ. ಅವರ ಕಂದು ಕೋಟಿನ ಬಲಜೇಬಿನಲ್ಲಿ ಸದಾ ಇರುತ್ತಿದ್ದುದು ಅಗಲ ಬಾಯಿಯ ಒಂದು ಖಾಲಿ ಗಾಜಿನ ಬಾಟಲಿ. ಅದರ ಭಾರಕ್ಕೆ ಕೋಟು ಒಂದು ಕಡೆ ಜಗ್ಗಿ, ಜಗ್ಗಿದ ಕಡೆಗೇ ಅವರೂ ಕೊಂಚ ವಾಲಿ, ಏನನ್ನೋ ಕೇಳಿಸಿಕೊಳ್ಳುತ್ತಿರುವವರ ಹಾಗೆ ನಡೆಯುತ್ತಿದ್ದರು. ಬೇಸಿಗೆಯಲ್ಲೂ ಆ ಕೋಟು ಬಿಚ್ಚಿದ್ದನ್ನು ನಾನು ಕಾಣಲಿಲ್ಲ.

ಗಿಡ ಮಾರಿ ಬದುಕುವ ನನ್ನಲ್ಲಿ ಹಳೆಯದೊಂದು ಡೀಸೆಲ್ ಪಿಕಪ್ ಇದೆ. ಅದರ ಫಿಲ್ಟರ್ ಬದಲಿಸುವುದು ಬೇರೆಯವರಿಗೆ ಕಾಲು ಗಂಟೆಯ ಕೆಲಸ. ಮೇಸ್ತ್ರಿಗೆ ಅದೊಂದು ದೀರ್ಘ ಮಧ್ಯಾಹ್ನ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಎಂಜಿನ್ ತಣಿಯುವವರೆಗೆ ನಿಲ್ಲುವರು. ಆಮೇಲೆ ಹಳೆಯ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ಒಳಗಿನ ಡೀಸೆಲನ್ನು ಬಾಟಲಿಗೆ ಇಳಿಸಿಕೊಂಡು, ಅದನ್ನು ನೆಲದ ಮೇಲಿಟ್ಟು, ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂರುವರು. ನಾನು ಚಡಪಡಿಸಿದರೆ ಅವರದು ಒಂದೇ ಮಾತು: “ಇಳೀಲಿ ತಮ್ಮಾ, ಇಳೀಲಿ.”

ಇಳಿಯಬೇಕಾದದ್ದು ನೀರು. ಡೀಸೆಲಿನೊಳಗೆ ಕದ್ದು ಸೇರಿದ ನೀರು ನಿಧಾನವಾಗಿ ತಳಕ್ಕೆ ಬಂದು ನಿಲ್ಲುತ್ತದೆ. ನಿಂತರೆ ಫಿಲ್ಟರ್ ಬದಲಿಸಿದ್ದಷ್ಟೇ ಸಾಲದು, ಟ್ಯಾಂಕಿನ ತಳವನ್ನೂ ಬಸಿದು ತೊಳೆಯಬೇಕು. ಇಲ್ಲದಿದ್ದರೆ ಗಾಡಿ ನಡುದಾರಿಯಲ್ಲಿ ಕೈಕೊಡುವುದು ಖಂಡಿತ. ಮೇಸ್ತ್ರಿ ಬಾಟಲಿಯನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿಯುವರು. ಆಗ ಆ ಮಸಿ ಹಿಡಿದ ಶೆಡ್ಡಿನೊಳಗೆ ಒಂದು ಜೇನುಬಣ್ಣ ಹುಟ್ಟಿ, ಗೋಡೆಗೆ ತೂಗಿದ ಸ್ಪ್ಯಾನರುಗಳ ಮೇಲೆ, ಹಳೆಯ ಟೈರುಗಳ ಮೇಲೆ, ಅವರ ನರೆತ ಗಡ್ಡದ ಮೇಲೆ ಮೆಲ್ಲಗೆ ಅಲುಗುವುದು. ಹೊರಗಿನ ಬೀದಿ, ಹಾರ್ನುಗಳು, ನನ್ನ ಆತುರ ಎಲ್ಲವೂ ಆ ಬಣ್ಣದಡಿಗೆ ಮುಳುಗಿ ದೂರವಾದಂತೆನಿಸಿ, ನಾನು ಎಷ್ಟೋ ಸಲ ಕೂತಲ್ಲೇ ತೂಕಡಿಸಿದ್ದೇನೆ.

ಬಾಗಿಲಲ್ಲಿ ಅವರ ಹೆಂಡತಿ, ನಾನು ಅತ್ತಿಗೆ ಎಂದು ಕರೆಯುತ್ತಿದ್ದವರು, ಸ್ಟೂಲಿನ ಮೇಲೆ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿರುತ್ತಿದ್ದರು. ಮೊದಮೊದಲು ಮೇಸ್ತ್ರಿ ಬಾಟಲಿಯನ್ನು ಕಿಟಕಿಯ ಕಡೆ ಎತ್ತುತ್ತಿದ್ದರು; ಬಾಗಿಲ ಕಡೆಗೆ ಯಾವಾಗ ತಿರುಗಿದರೋ ನಾನು ಗಮನಿಸಲಿಲ್ಲ. ಅತ್ತಿಗೆಗೆ ಆಗಾಗ ಕೆಮ್ಮು ಬರುತ್ತಿತ್ತು. ಶೆಡ್ಡಿನ ಧೂಳಿಗಿರಬೇಕೆಂದು ನಾನು ಎರಡು ಸಲ ಔಷಧಿ ತಂದುಕೊಟ್ಟೆ. “ಇದು ಔಷಧಿಗೆ ಹೋಗೋ ಕೆಮ್ಮಲ್ಲಪ್ಪ,” ಎಂದು ಅವರು ನಕ್ಕರು. ಮಹಾ ಬುದ್ಧಿವಂತನಾದ ನಾನು, ಯಾವುದೋ ವಾಸಿಯಾಗದ ಕಾಯಿಲೆಯೆಂದು ಮನಸ್ಸಿನಲ್ಲೇ ಮರುಗಿದೆ.

ಒಂದು ಮಧ್ಯಾಹ್ನ ಆ ಸ್ಟೂಲು ಖಾಲಿಯಿತ್ತು. ಅತ್ತಿಗೆ ತಂಗಿಯ ಮನೆಗೆ ಹೋಗಿದ್ದರು. ಮೇಸ್ತ್ರಿ ಎಂದಿನಂತೆ ಬಾಟಲಿ ಎತ್ತಿದರು, ಎಂದಿಗಿಂತ ಹೆಚ್ಚು ಹೊತ್ತು ಹಿಡಿದರು. ತಳದಲ್ಲಿ ಎರಡು ಬೆರಳಷ್ಟು ನೀರು ಕಣ್ಣಿಗೆ ಹೊಡೆಯುವಂತೆ ನಿಂತಿತ್ತು. ಅವರು ಬಾಟಲಿಯನ್ನು ಮುಖದ ಹತ್ತಿರ ತಂದರು, ದೂರ ಒಯ್ದರು, ಖಾಲಿ ಸ್ಟೂಲಿನತ್ತ ಒಮ್ಮೆ ತಿರುಗಿದರು.

“ನೀರಿಲ್ಲ,” ಎಂದರು. ದನಿ ನನ್ನನ್ನು ಕೇಳುವಂತಿತ್ತು.

ಬಾಟಲಿಯ ತಳ ನೋಡಿ ಹೆಸರು ಮಾಡಿದ ಮನುಷ್ಯನಿಗೆ ಆ ತಳವೇ ಕಾಣುತ್ತಿರಲಿಲ್ಲ. ಇದು ಹೊರಗೆ ಗೊತ್ತಾದರೆ ಯಾರೂ ಅವರ ಕೈಗೆ ಗಾಡಿ ಕೊಡಲಾರರು. ನಾನೇ ಬಾಯಿಬಿಟ್ಟು ಹೇಳಿದರೆ ಅವರು ನನ್ನೆದುರು ಮತ್ತೆಂದೂ ಬಾಟಲಿ ಎತ್ತಲಾರರು. ಸುಮ್ಮನಿದ್ದರೆ, ಅವರು ಮುಟ್ಟಿ ಕಳಿಸಿದ ಗಾಡಿ ಮೊದಲ ಬಾರಿಗೆ ದಾರಿಯಲ್ಲಿ ನಿಲ್ಲುತ್ತದೆ. ಏನು ಮಾಡಲೂ ತೋಚದೆ ಕೂತಿದ್ದಾಗ ಅತ್ತಿಗೆಯ ಕೆಮ್ಮು ನೆನಪಾಯಿತು. ಪ್ರತಿ ಕೆಮ್ಮಿನ ಬೆನ್ನಿಗೇ ಮೇಸ್ತ್ರಿ “ಟ್ಯಾಂಕೂ ಬಸೀಬೇಕು” ಎನ್ನುತ್ತಿದ್ದುದೂ ನೆನಪಾಯಿತು.

ನಾನು ಕೆಮ್ಮಿದೆ.

ಮೇಸ್ತ್ರಿಯ ತಲೆ ಕೊಂಚ ನನ್ನ ಕಡೆ ಹೊರಳಿತು. ಆಮೇಲೆ ಬಾಟಲಿ ಇಳಿಸಿ, “ಟ್ಯಾಂಕೂ ಬಸೀಬೇಕು,” ಎಂದರು.

ಮುಂದಿನ ಕೆಲಸಕ್ಕೆ ಅವರಿಗೆ ಕಣ್ಣು ಬೇಕಿರಲಿಲ್ಲ. ಟ್ಯಾಂಕಿನ ತಳ ಬಸಿದು ತೊಳೆದರು, ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಡೀಸೆಲ್ ಸವರಿದರು, ತಿರುಗಿಸಿ ಕೂರಿಸಿದರು, ಕೈಪಂಪು ಗಟ್ಟಿಯಾಗುವ ತನಕ ಒತ್ತಿ ಒತ್ತಿ ಒಳಗೆ ಸಿಕ್ಕಿದ್ದ ಗಾಳಿ ತೆಗೆದರು. ಮೊದಲ ಸಲಕ್ಕೇ ಎಂಜಿನ್ ಸ್ಟಾರ್ಟ್ ಆಯಿತು. ಬಾಟಲಿಯನ್ನು ಚೆನ್ನಾಗಿ ಒರೆಸಿ ಜೇಬಿಗೆ ಸೇರಿಸುತ್ತ, ನನ್ನ ಕಡೆ ತಿರುಗದೆ ಹೇಳಿದರು:

“ನಿಮ್ಮತ್ತಿಗೆ ಕೆಮ್ಮು ಇಷ್ಟು ಒರಟಲ್ಲ ತಮ್ಮಾ. ಸ್ವಲ್ಪ ಮೆತ್ತಗೆ ಕೆಮ್ಮೋದು ಕಲಿ.”

ಅವರು ಶೆಡ್ಡು ಮುಚ್ಚಿ ವರ್ಷವಾಯಿತು, ಹಾಗಾಗಿ ಈಗ ಇದನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ. ಕೆಲಸವನ್ನೇ ಮರ್ಯಾದೆಯೆಂದು ತೊಟ್ಟು ಬಾಳುವ ಇಂಥವರು ಯಾವ ಬೀದಿಯಲ್ಲಾದರೂ ಒಬ್ಬರಿರುತ್ತಾರೆ. ನೆರವು ಬೇಡುವುದಕ್ಕೆ ಅವರಿಗೆ ಬಾಯಿ ಬಾರದು. ನೆರವು ಕೂತಿರುವ ಕಡೆಗೆ ಬಾಟಲಿ ತಿರುಗಿಸಿ ಹಿಡಿದು, ಬೆಳಕು ಅಲ್ಲೇ ಚೆನ್ನಾಗಿದೆ ಎಂಬಂತೆ ಸುಮ್ಮನೆ ಕಾಯುತ್ತಾರೆ.