ರಾಣಿಯ ಪಾದಗಳು

ನಮ್ಮ ಅಂಗಡಿಗೆ ಬಂದವರು ಮೊದಲು ನೋಡುವುದು ನನ್ನನ್ನಲ್ಲ, ಗೋಡೆಯ ಮೇಲಿನ ಗಾಜಿನ ಪೆಟ್ಟಿಗೆಯನ್ನು. ಅದರೊಳಗೆ ಒಂದು ಜೊತೆ ಮರದ ಪಾದಗಳಿವೆ. ಬೂಟು ಹೊಲಿಯುವಾಗ ಚರ್ಮವನ್ನು ಎಳೆದು ಕೂರಿಸುವುದು ಇಂಥ ಅಚ್ಚಿನ ಮೇಲೆ. ಇವನ್ನು ಕೆತ್ತಿದವರು ತಾತ. ಯಾರ ಕಾಲಿನದೆಂದು ಅವರು ಕೊನೆಯವರೆಗೂ ಬಾಯಿ ಬಿಡಲಿಲ್ಲ, ಯಾರಿಗೂ ಮುಟ್ಟಲು ಬಿಡಲಿಲ್ಲ. ಬಾಯಿ ಬಿಡುವ ಕೆಲಸವನ್ನು ಅಪ್ಪ ವಹಿಸಿಕೊಂಡರು. ಯಾವುದೋ ಊರಿನ ರಾಣಿಯ ಪಾದ ಎಂದು ಗಿರಾಕಿಗಳ ಮುಂದೆ ರೈಲು ಬಿಟ್ಟರು. ಕೇಳಿದವರು ನಂಬಿದರು, ಹೇಳಿ ಹೇಳಿ ಅಪ್ಪನೂ ನಂಬಿದರು.

ನಂಬಿ ಹೊಟ್ಟೆ ಉರಿದುಕೊಂಡವರು ಅತ್ತೆ, ಅಪ್ಪನ ಅಕ್ಕ. ಚಿಕ್ಕಂದಿನಲ್ಲಿ ತಾತನ ಪಕ್ಕ ಕೂತು ಕೆಲಸ ಕಲಿತ ಇವರು, ಬೆಳೆದ ಮೇಲೆ ಸೇತುವೆಯಾಚೆಯ ಬೂಟಿನ ಕಾರ್ಖಾನೆಗೆ ಸೇರಿದರು. ಕೈಯಲ್ಲಿ ಹೊಲಿಯುವವನ ಮಗಳು ಯಂತ್ರದ ಮುಂದೆ ನಿಂತಳಲ್ಲ ಎಂದು ತಾತ ಕೆಂಡವಾದರು. "ಆ ಕಾರ್ಖಾನೆ ಮಾಲು ನನ್ನ ಹೊಸ್ತಿಲು ದಾಟಬಾರದು" ಎಂದವರು ಮಗಳ ಜೊತೆ ಮಾತೇ ಬಿಟ್ಟರು. ಅತ್ತೆಯೇನು ಕಮ್ಮಿ? ಅಜ್ಜಿಯನ್ನು ನೋಡಲು ಬರುತ್ತಿದ್ದರು, ತಾತನ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಪೆಟ್ಟಿಗೆ ಕಂಡರೆ ಅವರಿಗಾಗುವುದಿಲ್ಲ.

"ಮುದುಕನಿಗೆ ಮಗಳಿಗಿಂತ ರಾಣಿ ಹೆಚ್ಚಾದಳು. ನನ್ನನ್ನ ಒಂದಿನನಾದ್ರೂ ನೆನೆಸ್ಕೊಂಡ್ನೋ ಇಲ್ವೋ" ಎಂದು ಈ ವಯಸ್ಸಿನಲ್ಲೂ ಗೊಣಗುತ್ತಾರೆ. ಕೇಳಿದರೆ ನನಗೆ ಸಂಕಟವಾಗುತ್ತದೆ.

ಈಗ ಅಂಗಡಿ ನನ್ನದು. ಈ ವರ್ಷ ಬಣ್ಣ ಹೊಡೆಸಿ, ಮುಂದೆ ದೊಡ್ಡ ಗಾಜು ಹಾಕಿಸಿದೆ. ಅಲ್ಲಿಡಲು ರಾಣಿಯ ಅಚ್ಚಿನ ಮೇಲೇ ಒಂದು ಜೊತೆ ಬೂಟು ಹೊಲಿಯೋಣ ಎಂದುಕೊಂಡೆ. ಅಪ್ಪ ಬೇಡವೆಂದರು. ನಾನು ಕೇಳುವ ಪೈಕಿಯಲ್ಲ.

ಅಚ್ಚನ್ನು ಕೈಗೆತ್ತಿಕೊಂಡಾಗಲೇ ರಾಣಿಯ ಕತೆ ಮುಗಿಯಿತು. ಮರದ ಮೇಲೆ ಅಲ್ಲಲ್ಲಿ ಚರ್ಮದ ತುಂಡುಗಳನ್ನು ಒಂದರ ಮೇಲೊಂದು ಸಣ್ಣ ಮೊಳೆಯಿಂದ ಬಡಿದಿದ್ದರು. ಕಾಯಂ ಗಿರಾಕಿಯ ಕಾಲು ವಯಸ್ಸಾಗುತ್ತ ಅಗಲವಾದರೆ, ಗಂಟು ಬೆಳೆದರೆ, ನಾವು ಹೊಸ ಅಚ್ಚು ಕೆತ್ತುವುದಿಲ್ಲ. ಹಳೆಯದಕ್ಕೇ ಹೀಗೆ ತುಂಡು ಹಚ್ಚುತ್ತೇವೆ. ಅಂದರೆ ತಾತ ಈ ಕಾಲನ್ನು ವರ್ಷಗಟ್ಟಲೆ ಗಮನಿಸಿದ್ದರು. ರಾಣಿ ಅಷ್ಟು ಸಲ ನಮ್ಮ ಸಂದಿಗೆ ಬಂದಿದ್ದರೆ ಬೀದಿಯೇ ನೆರೆಯುತ್ತಿತ್ತು! ಎಡಗಾಲಿನ ಹೆಬ್ಬೆರಳ ಬುಡದಲ್ಲಿ ದೊಡ್ಡ ಗಂಟು, ಬಲಗಾಲಿನ ಎರಡನೇ ಬೆರಳ ಮೇಲೆ ಉಬ್ಬು. ಈ ಕಾಲು ನನಗೆ ಚೆನ್ನಾಗಿ ಗೊತ್ತು. ಭಾನುವಾರ ಬಂತೆಂದರೆ ನನ್ನ ಕೈಯಲ್ಲೇ ಎಣ್ಣೆ ತಿಕ್ಕಿಸಿಕೊಳ್ಳುವ ಕಾಲು ಅದು.

ಯಾರಿಗೂ ಹೇಳದೆ ಬೂಟು ಹೊಲಿದು ಮುಗಿಸಿ, ಅತ್ತೆಯನ್ನು ಕರೆಸಿದೆ.

"ಆ ರಾಣಿ ಬೂಟಿಗೆ ನನ್ನ ಕಾಲಾ? ತಲೆ ಕೆಟ್ಟಿದ್ಯಾ ನಿಂಗೆ?"

"ಹಾಕ್ಕೊಂಡು ನೋಡಿ ಅತ್ತೆ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ."

ತುರುಕುವ ಕೆಲಸವೇ ಇರಲಿಲ್ಲ. ಕಾಲು ಸಲೀಸಾಗಿ ಒಳಗೆ ಹೋಯಿತು, ಗಂಟು ತನ್ನ ಜಾಗದಲ್ಲಿ ಕೂತಿತು. ಅತ್ತೆ ಬಗ್ಗಿ ಬೂಟಿನ ಮೇಲಿಂದಲೇ ಗಂಟನ್ನು ಒತ್ತಿ ನೋಡಿದರು. ಅಚ್ಚುಗಳನ್ನು ತಂದು ಅವರ ಮಡಿಲಲ್ಲಿಟ್ಟೆ.

"ಈ ಗಂಟು ಯಾವಾಗ ಬಂದಿದ್ದು ಅತ್ತೆ?"

"ಕಾರ್ಖಾನೆ ಸೇರಿ ಎಷ್ಟೋ ವರ್ಷ ಆದ್ಮೇಲೆ. ನಮ್ಮಪ್ಪನಿಗೆ ಹೇಗೆ ಗೊತ್ತಾಗುತ್ತೆ? ಮುಖಾನೇ ನೋಡದವನು ಕಾಲು ನೋಡ್ತಾನಾ?"

"ಕಾಲು ಯಾಕೆ ಬೇಕು? ಸವೆದ ಚಪ್ಪಲಿ ಸಿಕ್ಕಿದ್ರೆ ಸಾಕು, ಗಂಟು ಎಲ್ಲಿದೆ ಅಂತ ನಾನೂ ಹೇಳ್ತೀನಿ."

ಅತ್ತೆ ಚರ್ಮದ ತುಂಡುಗಳನ್ನು ಒಂದೊಂದಾಗಿ ಸವರಿದರು.

"ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಅಮ್ಮನ ಹತ್ರ ಹೋಗ್ತಿದ್ದೆ. ವಾಪಸ್ ಬರೋಷ್ಟರಲ್ಲಿ ಅದು ಬೀದಿ ಕಡೆ ತಿರುಗಿರ್ತಿತ್ತು. ಪ್ರತಿ ಸಲ. ಮುದುಕ ತೊಲಗು ಅಂತಿದಾನೆ ಅಂದ್ಕೊಂಡೆ ಕಣೇ. ಇವತ್ತಿನವರೆಗೂ ಹಾಗೇ ಅಂದ್ಕೊಂಡಿದ್ದೆ."

ಅವರು ಅತ್ತರು. ನನಗೂ ಅಳು ಬಂತು. ಆಮೇಲೆ ಅವರಿಗೆ ಎಲ್ಲಿಲ್ಲದ ಕೋಪ ಬಂತು.

"ಹೊಲಿದು ಕೊಡೋಕೆ ಏನಾಗಿತ್ತು ಮುದುಕನಿಗೆ?"

"ಕೊಟ್ಟಿದ್ರೆ ಹಾಕ್ಕೊಳ್ತಿದ್ರಾ?"

"ಮುಖದ ಮೇಲೆ ಎಸೀತಿದ್ದೆ" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. ಎದ್ದು ಬಾಗಿಲವರೆಗೆ ನಡೆದು ತಿರುಗಿ ಬಂದರು. "ಬಲಗಾಲಲ್ಲಿ ಕಿರುಬೆರಳ ಹತ್ರ ಒತ್ತುತ್ತೆ."

ನೋಡಿದೆ. ಅಲ್ಲಿ ಕಾಲು ಅಗಲವಾಗಿತ್ತು, ಅಚ್ಚಿನ ಮೇಲೆ ಬರೀ ಮರ. ಚರ್ಮದ ತುಂಡೊಂದನ್ನು ಕತ್ತರಿಸಿ ಸುತ್ತಿಗೆ ಎತ್ತಿಕೊಂಡೆ. ಅತ್ತೆ ಕೈ ಚಾಚಿದರು.

"ಕೊಡಿಲ್ಲಿ. ಇದನ್ನ ಅಪ್ಪ ನೋಡಿಲ್ಲ. ನಾನೇ ಹಚ್ತೀನಿ."