ದೊಡ್ಡವ್ವನ ಒಂದೇ ಸ್ವರ

ನನಗೆ ಸಿಟ್ಟು ಬೇಗ ಬರುತ್ತದೆ. ಗಿಟಾರ್ ಕಲಿಯುವವನಿಗೆ ಇದು ಒಳ್ಳೆಯ ಗುಣವಲ್ಲ ಎಂದು ಖಾಸಿಂಸಾಬರು ಮೊದಲ ದಿನವೇ ಹೇಳಿದ್ದರು. ಅವರು ಮುಂಬೈಯ ಹೋಟೆಲೊಂದರ ಬ್ಯಾಂಡಿನಲ್ಲಿ ಹದಿನಾರು ವರ್ಷ ಜಾಝ್ ನುಡಿಸಿ, ಇಳಕಲ್ಲಿಗೆ ಮರಳಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ನಾನು ಆಗ ಗ್ರಾನೈಟ್ ಕಂಪನಿಯ ಗುಮಾಸ್ತ, ವಯಸ್ಸು ಮೂವತ್ತೆಂಟು. 1979ರಲ್ಲಿ ಹುಬ್ಬಳ್ಳಿಯಿಂದ ಒಂದು ಹಳೆಯ ಗಿಟಾರ್ ತಂದು, ಆಫೀಸು ಬಿಟ್ಟ ಮೇಲೆ ಅವರ ಅಂಗಡಿಗೆ ಹೋಗತೊಡಗಿದೆ. ನನಗೆ ಬೇಕಾಗಿದ್ದುದು ಎರಡು ಸಿನಿಮಾ ಹಾಡು, ಅಷ್ಟೇ.

ಕಾರ್ಡ್ ಎಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ನಾನು ಆರೂ ತಂತಿಗಳನ್ನು ಜಗ್ಗಿ ಬಾರಿಸಿದರೆ ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಮೂರು ಸ್ವರ ಸಾಕು, ಪಕ್ಕದವನು ನುಡಿಸುವ ಸ್ವರವನ್ನು ಅವನಿಗೇ ಬಿಡು ಎನ್ನುತ್ತಿದ್ದರು. ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿದರೆ ನಗುತ್ತಿದ್ದರು. ಆಮೇಲೆ ಎರಡು ತಿಂಗಳು ಒಂದೇ ಪಾಠ. ತೆಳು ತಂತಿಯ ಮೇಲೆ ಕಿರುಬೆರಳಿನಿಂದ ಒಂದು ಸ್ವರ ಒತ್ತಿ ಹಿಡಿಯಬೇಕು, ಅದು ಅಲ್ಲಾಡಬಾರದು. ಉಳಿದ ಬೆರಳುಗಳು ಅದರ ಕೆಳಗಿನ ಸ್ವರಗಳನ್ನು ಬದಲಿಸುತ್ತಾ ಹೋಗಬೇಕು. ಮೇಲಿನ ಸ್ವರ ಇದ್ದಲ್ಲೇ ಇದ್ದರೂ ಒಮ್ಮೆ ನಗುತ್ತಿತ್ತು, ಒಮ್ಮೆ ಕಣ್ಣು ತುಂಬಿಕೊಳ್ಳುತ್ತಿತ್ತು. ತವರಿನ ಮಗಳೇ ಗಂಡನ ಮನೆಯಲ್ಲಿ ಸೊಸೆ, ಅಣ್ಣನ ಮಕ್ಕಳಿಗೆ ಅತ್ತೆ ಆಗುವುದಿಲ್ಲವೇ, ಹಾಗೆ. ಇದು ಈಗ ಹೇಳುವ ಮಾತು. ಆಗ ಕಿರುಬೆರಳು ಊದಿಕೊಂಡು, ಖಾಸಿಂಸಾಬರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.

ಮನೆಯಲ್ಲಿ ಬೇರೆಯೇ ಸಂಕಟವಿತ್ತು. ನನ್ನನ್ನು ಸಾಕಿದ ದೊಡ್ಡವ್ವ ಶಿವಲಿಂಗವ್ವ ಮೂವತ್ತು ವರ್ಷ ನಮ್ಮ ಪಡಸಾಲೆಯ ಸೋಮವಾರದ ಭಜನೆಯಲ್ಲಿ ವಚನ ಹಾಡಿದವಳು. ಆ ಬೇಸಿಗೆಯಲ್ಲಿ ಅವಳ ಕೊರಳ ಗಂಟಿಗೆ ಆಪರೇಶನ್ ಆಯಿತು. ಜೀವ ಉಳಿಯಿತು, ಮಾತೂ ಉಳಿಯಿತು, ಹಾಡುವ ದನಿ ಮಾತ್ರ ಒಂದು ಸ್ವರಕ್ಕೆ ನಿಂತುಬಿಟ್ಟಿತು. ಹಾರ್ಮೋನಿಯಂ ನುಡಿಸುವ ಸಂಗಯ್ಯನವರು ಅವಳಿಗಾಗಿ ಶ್ರುತಿ ಬದಲಿಸಿ ನೋಡಿದರು. ಹಾಡು ಏರಿದಾಗ ಅವಳು ಅಲ್ಲೇ ಉಳಿದಳು. ಅಂದಿನಿಂದ ಭಜನೆ ಶುರುವಾದರೆ ಹಿತ್ತಲಿಗೆ ಹೋಗಿ ಕೂರುತ್ತಿದ್ದಳು. ನನ್ನನ್ನು ಬೈಯುವುದನ್ನೂ ಬಿಟ್ಟಿದ್ದಳು.

ಒಂದು ರವಿವಾರ ಬೆಳಿಗ್ಗೆ ಅದೇ ಪಾಠ ನುಡಿಸುತ್ತಿದ್ದೆ. ದೊಡ್ಡವ್ವ ಎದುರಿಗೆ ಶೇಂಗಾ ಸುಲಿಯುತ್ತಿದ್ದಳು. ನನ್ನ ಕಿರುಬೆರಳು ಮತ್ತೆ ಮತ್ತೆ ಜಾರುತ್ತಿತ್ತು. ಕಡೆಗೆ ತಡೆಯಲಾರದೆ, ಸ್ವರ ಹೀಗೆ ಹಿಡಿಯಬೇಕು ಎಂದು ತಾನೇ ‘ಆ’ ಎಂದು ಹಿಡಿದು ತೋರಿಸಿದಳು. ನನ್ನದಕ್ಕಿಂತ ಕೊಂಚ ಕೆಳಗಿತ್ತು. ಆದರೆ ಎಂಥ ಸ್ವರ, ಕಲ್ಲಿನ ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಬಿರಡೆ ತಿರುವಿ ಆರೂ ತಂತಿಗಳನ್ನು ಅವಳ ದನಿಗೆ ಇಳಿಸಿದೆ. ಇನ್ನೊಮ್ಮೆ ಹಿಡಿ ಎಂದೆ. ಹಿಡಿದಳು. ಪಕ್ಕಕ್ಕೆ ಒಬ್ಬರು ಸಿಕ್ಕಿದ್ದರು. ಕಿರುಬೆರಳನ್ನು ತಂತಿಯಿಂದ ಎತ್ತಿ, ಕೆಳಗಿನ ಸ್ವರಗಳನ್ನು ಮಾತ್ರ ಬದಲಿಸುತ್ತಾ ಹೋದೆ.

ದೊಡ್ಡವ್ವ ನಿಲ್ಲಿಸಿ ಕೊರಳು ಮುಟ್ಟಿಕೊಂಡಳು.

“ನಾ ಏರಲಿಲ್ಲಲ್ಲೋ. ಮತ್ತ ಏರಿದಂಗ ಯಾಕ ಕೇಳತೈತಿ?”

“ನೀ ಅಲ್ಲೇ ಇರು ದೊಡ್ಡವ್ವಾ. ಕೆಳಗಿನ ಸ್ವರ ನಾ ಬದಲಸತೇನಿ.”

ಚಪ್ಪಲಿ ಕೂಡ ಮೆಟ್ಟದೆ ಖಾಸಿಂಸಾಬರ ಮನೆಗೆ ಓಡಿದೆ. ಅವರು ಬಂದು, ಕಣ್ಣು ಮುಚ್ಚಿ ಕೇಳಿ, ದೊಡ್ಡವ್ವ ಆರಿಸಿದ ಒಂದು ವಚನಕ್ಕೆ ಕಾರ್ಡುಗಳನ್ನು ಕೂರಿಸಿಕೊಟ್ಟರು. ಎಂಟು ದಿನ ನಾವಿಬ್ಬರೂ ಅದನ್ನೇ ಜಪ ಮಾಡಿದೆವು.

ಮುಂದಿನ ಸೋಮವಾರ ಪಡಸಾಲೆ ತುಂಬಿತ್ತು. ಈ ಒಂದು ಹಾಡಿಗೆ ಹಾರ್ಮೋನಿಯಂ ಬೇಡ ಎಂದದ್ದಕ್ಕೆ ಸಂಗಯ್ಯನವರು ಮುಖ ಊದಿಸಿಕೊಂಡಿದ್ದರು. ದೊಡ್ಡವ್ವ ಕಡೇ ಗಳಿಗೆಯಲ್ಲಿ ಹಿಂದೆ ಸರಿದಳು. ಮಂದಿ ನಗುತ್ತಾರೆ ಎಂದಳು. ನಗುವವರು ಈಗಲೇ ಎದ್ದು ಹೋಗಲಿ ಎಂದು ನಾನು ಗದರಿದೆ. ಯಾರೂ ಏಳಲಿಲ್ಲ.

ಅವಳು ಹಾಡಿದಳು. ಒಂದೇ ಸ್ವರದ ಮೇಲೆ, ಮಾತುಗಳನ್ನು ಒಂದೊಂದಾಗಿ ಬಿಡಿಸುತ್ತಾ. ಕೆಳಗೆ ನನ್ನ ಬೆರಳುಗಳು ಸರಿದಂತೆ ಆ ಸ್ವರ ಬೇಡಿತು, ಜಗಳವಾಡಿತು, ಸಮಾಧಾನವಾಯಿತು. ಮೂರನೆಯ ಸಾಲಿನಲ್ಲಿ ನನ್ನ ಕೈ ತಪ್ಪಿತು. ಹಾಡು ನಿಲ್ಲಿಸದೆಯೇ ನನ್ನ ತೊಡೆಗೆ ಒಂದು ಏಟು ಕೊಟ್ಟಳು. ಆ ಏಟಿಗೆ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಹಾಡು ಮುಗಿದಾಗ ಸಂಗಯ್ಯನವರು ಶಲ್ಯದಿಂದ ಕಣ್ಣು ಒರೆಸಿಕೊಂಡು, ಇದು ಯಾವ ರಾಗ ಎಂದು ಕೇಳಿದರು. ಬಾಗಿಲ ಬಳಿ ಕೂತಿದ್ದ ಖಾಸಿಂಸಾಬರು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿದಳು.

“ರಾಚಪ್ಪಾ, ಇನ್ನೊಂದು ಹಾಡತೇನಿ, ಹಿಡಿ.”

ನನಗೆ ಬರುತ್ತಿದ್ದುದು ಆ ಒಂದು ಹಾಡು ಮಾತ್ರ. ಹಾಗೆಂದು ನಾನು ಹೇಳುವಷ್ಟರಲ್ಲಿ ದೊಡ್ಡವ್ವ ಶುರು ಮಾಡಿಬಿಟ್ಟಿದ್ದಳು.