ಮೊದಲಿನಿಂದಲೂ ಇದ್ದ ಫ್ರಿಲ್

ಎಂಟು ವರ್ಷದ ಮಗಳು ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಲು ಇನ್ನು ಒಂದೇ ದಿನ. ಬಿಳಿ ಗೌನು ತೊಡಿಸಿ ನೋಡಿದರೆ ಮೊಣಕಾಲು ಇಣುಕುತ್ತಿತ್ತು. ಮೊಣಕಾಲು ಕಾಣುವವರಿಗೆ ಮುಂದಿನ ಸಾಲಿನಲ್ಲಿ ಜಾಗವಿಲ್ಲ ಎಂದು ಧರ್ಮೋಪದೇಶ ಕಲಿಸುವ ಸಿಸ್ಟರ್ ಮೊದಲೇ ಹೇಳಿದ್ದರು. ಮಗಳ ತುಟಿ ನಡುಗತೊಡಗಿತು.

“ನನ್ನ ಅಳತೆ ತಪ್ಪಲ್ಲ,” ಎಂದರು ಗೌನು ಹೊಲಿದ ದರ್ಜಿ, ಅಂದರೆ ನಮ್ಮ ಯಜಮಾನರು. “ಇಪ್ಪತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ. ಹುಡುಗಿ ಬೆಳೆದಿದ್ದಾಳೆ.”

“ಗುರುವಾರದಿಂದ ಶನಿವಾರಕ್ಕೆ ಎರಡು ಇಂಚಾ?” ಎಂದೆ, ತಟ್ಟೆ ಒರೆಸುತ್ತಾ.

“ಮಕ್ಕಳನ್ನ ನಂಬೋಕಾಗಲ್ಲ.”

ಮಗಳು ಮೂಗು ಒರೆಸಿಕೊಂಡಳು. “ಅಪ್ಪಾ, ಪೋಪರೇ ಎಲ್ಲಾದ್ರಲ್ಲೂ ತಪ್ಪದೇ ಇರಲ್ವಂತೆ. ಪೀಠದ ಮೇಲೆ ಕೂತು, ವಿಶ್ವಾಸದ ವಿಷಯ, ಇಡೀ ಧರ್ಮಸಭೆಗೆ ಅಂತ ಹೇಳಿದ್ರೆ ಮಾತ್ರ. ನೀನು ನಿಂತ್ಕೊಂಡು ಹೇಳ್ತಿದ್ದೀಯ.”

ಯಜಮಾನರು ಹೋಗಿ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಳಿತರು. “ಈಗ ಹೇಳ್ತೀನಿ. ತಪ್ಪಿಲ್ಲ.”

“ನೀನು ಸರಿ ಅಂತ ಯಾರು ಹೇಳಿದ್ದು?” ಎಂದಳು ಮಗಳು.

“ಟೇಪು.”

“ಟೇಪು ಸರಿ ಅಂತ?”

“ನಾನು.”

ಸಾಕ್ಷಿಗೆ ಅವರಪ್ಪನ ಕಾಲದ ಟೇಪು ಹೊರಬಂತು. ಅದರ ಮೊದಲ ಎರಡು ಇಂಚು ಎಂದೋ ಹರಿದುಹೋಗಿತ್ತು. ಅಳೆಯುವುದೂ ಅದರಲ್ಲೇ, ಬಟ್ಟೆ ಕತ್ತರಿಸುವುದೂ ಅದರಲ್ಲೇ. ಎರಡು ಕಡೆಯೂ ಒಂದೇ ಸುಳ್ಳಾದ್ದರಿಂದ ಇಷ್ಟು ವರ್ಷ ಯಾರ ಬಟ್ಟೆಯೂ ಕೆಟ್ಟಿರಲಿಲ್ಲ. ಈ ಸಲ ಮಾತ್ರ ಮಗಳನ್ನು ನಾನು ನನ್ನ ಹೊಸ ಟೇಪಿನಲ್ಲಿ ಅಳೆದು, ಚೀಟಿ ಬರೆದು ಕೊಟ್ಟಿದ್ದೆ; ಅವರು ಕತ್ತರಿಸಿದ್ದು ಹಳೆಯದರಲ್ಲೇ.

ಹರಿದ ತುದಿಯನ್ನು ಅವರು ಬೆರಳಲ್ಲಿ ಸವರಿದರು. ‘ತಪ್ಪಾಯ್ತು’ ಎಂಬ ಮಾತು ಗಂಟಲವರೆಗೆ ಬಂದು, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತು. ನನಗೆ ಪಾಪ ಅನಿಸಿತು.

“ಇದರ ಕೆಳಗಿನ ಅಂಚಿಗೊಂದು ಫ್ರಿಲ್ ಇರಬೇಕಿತ್ತಲ್ವಾ? ಮರೆತ್ರೇನೋ,” ಎಂದೆ.

“ಪೋಪರೂ ಹಾಗೇ ಅಪ್ಪಾ,” ಎಂದಳು ಮಗಳು. “ಹೊಸದೇನೂ ಹುಟ್ಟಿಸೋ ಹಾಗಿಲ್ಲ. ಮೊದಲಿಂದ ಇದ್ದದ್ದನ್ನೇ ಘೋಷಿಸಬೇಕು.”

ಯಜಮಾನರು ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿದರು. “ಈ ಗೌನಿಗೆ ಎರಡು ಇಂಚಿನ ಫ್ರಿಲ್ ಮೊದಲಿಂದಲೂ ಇತ್ತು. ಈಗ ಘೋಷಿಸಿದ್ದೀನಿ.” ಸೂಜಿಗೆ ದಾರ ಪೋಣಿಸಿದರು.

ನನ್ನ ಪಾತ್ರೆಗಳು ಮುಗಿಯುವಷ್ಟರಲ್ಲಿ ಗೌನು ಸಿದ್ಧವಾಯಿತು. ಮಗಳು ತೊಟ್ಟು ಗಿರಗಿರ ತಿರುಗಿದಳು. ಮೊಣಕಾಲು ಎಲ್ಲೂ ಇಲ್ಲ.

ಅವರು ಮಾತ್ರ ಕತ್ತರಿ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದರು.

“ನಿನ್ನ ಟೇಪು ಕೊಡು ಇಲ್ಲಿ. ಎರಡು ಇಂಚು ಜಾಸ್ತಿ ಇದೆ.”